ಹೊಳೆ ದಾಟುವ ಲೆಕ್ಕ

ನಮ್ಮ ಕೊಣನೂರಿಗೆ ನೆಂಟರು ಬಂದರೆ ಸಂಜೆ ಕಾಫಿಯಾದ ಮೇಲೆ ಕರೆದುಕೊಂಡು ಹೋಗುವುದು ತೂಗುಸೇತುವೆಗೆ. ಕಾವೇರಿಯ ಮೇಲೆ ಕಬ್ಬಿಣದ ಹಗ್ಗಗಳಿಗೆ ಜೋತುಬಿದ್ದ ಕಾಲುದಾರಿ ಅದು. ನಡುವಿಗೆ ಹೋಗುವಷ್ಟರಲ್ಲಿ ಆಚೆಯಿಂದ ಯಾರಾದರೂ ಬಂದರೆ ಅವರು ಇಡುವ ಒಂದೊಂದು ಹೆಜ್ಜೆಯೂ ನಮ್ಮ ಮೊಣಕಾಲಿಗೆ ತಿಳಿಯುತ್ತದೆ. ಮಕ್ಕಳಿಗೆ ಇದೇ ಆಟ. ಬೇಕೆಂದೇ ಕುಣಿದು ತೂಗಾಡಿಸುತ್ತಾರೆ. ನನ್ನಂಥವರು ಹಗ್ಗ ಹಿಡಿದುಕೊಂಡು ರಾಮನಾಥಪುರದ ರಾಮೇಶ್ವರನನ್ನು ನೆನೆಯುತ್ತೇವೆ.

2025ರ ಫೆಬ್ರುವರಿ ಕೊನೆಯ ಒಂದು ಸಂಜೆ ಮೊಮ್ಮಗಳೊಡನೆ ಅಲ್ಲಿಗೆ ಹೋಗಿದ್ದೆವು. ಅವಳಿಗೆ ಆಗ ಐದನೆಯ ತಿಂಗಳು. ಬೆಂಗಳೂರಿನಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಸೇತುವೆಯ ಮೊದಲ ಹಲಗೆಯ ಮೇಲೆ ಕಾಲಿಟ್ಟಳೋ ಇಲ್ಲವೋ, ನಮ್ಮಾಕೆ ಹಿಂದಿನಿಂದ ಕೂಗಿದಳು:

"ನಿಲ್ಲೇ! ಬಸುರಿ ಹೊಳೆ ದಾಟಬಾರದು!"

ಮೊಮ್ಮಗಳು ತಿರುಗಿ ನಕ್ಕಳು. "ಅಜ್ಜಿ, ನಾನು ಸಮುದ್ರವನ್ನೇ ದಾಟೋಣ ಅಂತಿದ್ದೀನಿ. ಹೇಗೆ ಹೇಳೋದು ಅಂತ ಗೊತ್ತಾಗದೆ ನಾಲ್ಕು ದಿನದಿಂದ ಸುಮ್ಮನಿದ್ದೆ."

ಅವಳ ಗಂಡ ಮಸ್ಕತ್ತಿನಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮಾರ್ಚಿನಲ್ಲಿ ಬಾ, ಹೆರಿಗೆಯೂ ಇಲ್ಲೇ ಆಗಲಿ, ಆಸ್ಪತ್ರೆ ಚೆನ್ನಾಗಿದೆ, ಮನೆಯಲ್ಲಿ ಎಸಿ ಇದೆ ಅಂತ ಅವನ ಒತ್ತಾಯ. ಬೇಡವೇ ಬೇಡ ಅಂತ ಅವಳ ತಾಯಿ, ಅಂದರೆ ನನ್ನ ಮಗಳು. ಗಂಡ ಇರುವಲ್ಲಿ ಹೆಂಡತಿ ಇದ್ದರೆ ಚೆಂದ ಅಂತ ಬೀಗಿತಿ. ಮನೆಗೆ ಬಂದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಮನೆಯ ಹಿರಿಯ, ಮೇಲಾಗಿ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಕಾರಣ ಇತ್ತು, ಹೇಳುತ್ತೇನೆ.

ಮೊದಲು ಆ ಹೊಳೆಯ ಮಾತು ಮುಗಿಸುತ್ತೇನೆ. ನಾನು ಚಿಕ್ಕವನಿದ್ದಾಗ ಇಲ್ಲಿ ಆಚೆ ದಡಕ್ಕೆ ಹೋಗಬೇಕೆಂದರೆ ಹರಿಗೋಲೇ ಗತಿ. ಮಕ್ಕಳೇ, ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ ದುಂಡನೆಯ ದೋಣಿ. ಆಷಾಢದಲ್ಲಿ ಕೊಡಗಿನ ನೀರು ಕೆಂಪಗೆ ಇಳಿದು ಬಂದಾಗ ಅದು ಬುಗುರಿಯ ಹಾಗೆ ತಿರುಗುತ್ತಿತ್ತು. ಅಂಥದ್ದರಲ್ಲಿ ಬಸುರಿಯನ್ನು ಕೂರಿಸಬಾರದು ಎಂದು ಹಿರಿಯರು ಹೇಳಿದ್ದರಲ್ಲಿ ತಪ್ಪೇನಿದೆ? ಹರಿಗೋಲು ಹೋಯಿತು, ಸೇತುವೆ ಬಂತು. ಮಾತು ಮಾತ್ರ ಹಾಗೆಯೇ ದಡದಲ್ಲಿ ಉಳಿದುಕೊಂಡಿತು. ಹೆಂಡತಿ ಬಸುರಿಯಾಗಿದ್ದಾಗ ಗಂಡ ದೂರದೇಶಕ್ಕೆ ಹೋಗಬಾರದೆಂಬ ಮಾತೂ ಇದೆ. ಅದನ್ನು ನಮ್ಮ ಅಳಿಯಂದಿರು ಆಗಲೇ ಮುರಿದಾಗಿತ್ತು. ಅವರನ್ನು ಯಾರೂ ಕೂಗಿ ನಿಲ್ಲಿಸಲಿಲ್ಲ ನೋಡಿ!

ಇನ್ನು ನಾನು ಬಾಯಿ ಬಿಡದ ಕಾರಣ. 1978ರ ಮೇ ತಿಂಗಳು. ನನಗೆ ರಾಯಚೂರಿಗೆ ವರ್ಗವಾಗಿತ್ತು. ನಮ್ಮಾಕೆ ಎರಡನೆಯ ಬಸುರಿ, ಆರನೆಯ ತಿಂಗಳು. ಮೊದಲ ಮಗಳಿಗೆ ಮೂರು ವರ್ಷ. ಒಬ್ಬನೇ ಹೋಗಿ ಕೈ ಸುಟ್ಟುಕೊಳ್ಳುವುದು ಯಾರಿಗೆ ಬೇಕು ಎಂದು ಸಂಸಾರ ಸಮೇತ ಹೊರಟೆ. ಬೆಂಗಳೂರಿನಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು, ಇನ್ನೊಂದು ರೈಲಿಗೆ ಕಾದು ಕುಳಿತೆವು. ಪ್ಲಾಟ್‌ಫಾರಂ ಮೇಲಿನ ಕಲ್ಲುಬೆಂಚು ದೋಸೆಹಂಚಿನಂತಿತ್ತು. ಕೊಣನೂರಿನ ಹೊಳೆಗಾಳಿಯಲ್ಲಿ ಬೆಳೆದವಳು ಸೆರಗನ್ನು ನೀರಿನಲ್ಲಿ ಅದ್ದಿ ಮುಖದ ಮೇಲೆ ಹಾಕಿಕೊಂಡು ಮಗುವನ್ನು ತಟ್ಟುತ್ತಿದ್ದಳು.

ರಾಯಚೂರನ್ನು ನಾನು ಬೈಯುವುದಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಆ ಸೀಮೆಯ ಜನ ನಮ್ಮನ್ನು ಮನೆಯವರಂತೆ ನೋಡಿಕೊಂಡರು. ಪಕ್ಕದ ಮನೆಯ ಅಜ್ಜಿ ಮೊದಲ ದಿನವೇ ಮಜ್ಜಿಗೆಯ ತಂಬಿಗೆ ಹಿಡಿದು ಬಂದು, "ಇಂಥಾ ಬಿಸಲಾಗ ಬಸುರಿ ಹೆಣ್ಮಗಳನ್ನ ಯಾಕ ಕರ್ಕೊಂಡ ಬಂದ್ರಿ ಸಾಹೇಬ್ರ? ಮಳಿ ಬಿದ್ದ ಮ್ಯಾಲ ತರಬೇಕಿತ್ತು" ಅಂದಿತ್ತು. ಅಲ್ಲಿಯವರಿಗೆ ಬಿಸಿಲಿನ ಶಿಸ್ತು ಗೊತ್ತು. ಹತ್ತು ಗಂಟೆಯೊಳಗೆ ಹೊರಗಿನ ಕೆಲಸ ಮುಗಿಸುತ್ತಾರೆ, ಮಧ್ಯಾಹ್ನ ಕದ ಹಾಕುತ್ತಾರೆ. ಇವತ್ತಿಗೂ ಏಪ್ರಿಲ್, ಮೇ ತಿಂಗಳಲ್ಲಿ ಆ ಕಡೆಯ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಮಗೆ ಆ ಶಿಸ್ತು ಇರಲಿಲ್ಲ. ಕೊಳಾಯಿಗೆ ನೀರು ಬರುವ ಹೊತ್ತು ನಡುಮಧ್ಯಾಹ್ನ. ನಾನು ಬ್ಯಾಂಕಿನಲ್ಲಿ, ಅವಳು ಕೊಡ ಹಿಡಿದು ಬಿಸಿಲಿನಲ್ಲಿ. ಜೂನ್ ಮೊದಲ ವಾರ ತಲೆಸುತ್ತಿ ಬಿದ್ದಳು. ನೋವು ಶುರುವಾಯಿತು. ಏಳು ತಿಂಗಳಿಗೇ ಹುಟ್ಟಿದ ಗಂಡುಮಗು ಎರಡು ದಿನ ಇತ್ತು.

ಬಿಸಿಲಿನಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಲಿಲ್ಲ, ಬೇರೆ ಕಾರಣಕ್ಕೂ ಆಗಬಹುದು ಎಂದರು. ಅವರ ಮಾತು ನಿಜವೇ. ಆದರೆ ಅಲ್ಲಿಂದ ಇಲ್ಲಿಯವರೆಗೆ ಆ ವಿಷಯ ನಾವಿಬ್ಬರೂ ಮನೆಯಲ್ಲಿ ಆಡಿರಲಿಲ್ಲ.

ಅದಕ್ಕೇ ಮೊಮ್ಮಗಳ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಹಳೆಯ ಡೈರಿಯೊಂದರ ಖಾಲಿ ಪುಟದ ನಡುವೆ ಗೆರೆ ಎಳೆದು ಜಮಾ ಖರ್ಚು ಬರೆಯಲು ಕುಳಿತೆ. ಬಿ.ಕಾಂ. ಓದಿದವನಿಗೆ ಭಯವಾದರೆ ಬರುವುದು ಇದೊಂದೇ.

ಬೆಳಗ್ಗೆ ಏಳನೆಯ ಕ್ಲಾಸಿನ ಮೊಮ್ಮಗ ಭೂಪಟ ತಂದ. ಒಮಾನ್ ಅರಬ್ಬಿ ಸಮುದ್ರದ ಆಚೆ, ಮಸ್ಕತ್ತಿನ ಪಕ್ಕದಲ್ಲೇ ಕರ್ಕಾಟಕ ಸಂಕ್ರಾಂತಿ ವೃತ್ತ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ. ಅಂದರೆ ಕೊಣನೂರಿನಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಹೆಚ್ಚೇನಲ್ಲ! ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹುಡುಗ ಇನ್ನೂ ಒಂದು ವಿಷಯ ಹುಡುಕಿದ. ಮಸ್ಕತ್ತಿನ ಆಗ್ನೇಯಕ್ಕೆ ಕಡಲ ತಡಿಯಲ್ಲಿ ಕುರಿಯಾತ್ ಎಂಬ ಮೀನುಗಾರರ ಊರಿದೆ. 2018ರ ಜೂನ್ 26ರಂದು ಅಲ್ಲಿ ಹಗಲು ರಾತ್ರಿ ಸೇರಿ ಇಡೀ 24 ಗಂಟೆ ಉಷ್ಣತೆ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲವಂತೆ. ನಡುರಾತ್ರಿಯಲ್ಲೂ ನಮ್ಮ ರಾಯಚೂರಿನ ಮೇ ಮಧ್ಯಾಹ್ನ! ಅದೇ ದೇಶದ ದಕ್ಷಿಣದಲ್ಲಿ, ಸಾವಿರ ಕಿಲೋಮೀಟರ್ ದೂರದ ಸಲಾಲಾದಲ್ಲಿ, ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೋನೆಮಳೆ, ಮಂಜು, ಹಸಿರು. ತೆಂಗು ಬಾಳೆ ಎಲ್ಲ ಬೆಳೆಯುತ್ತದೆ. ನಮ್ಮ ಕೊಡಗಿಗೆ ಮಳೆ ತರುವ ನೈಋತ್ಯ ಮಾರುತದ ಸೆರಗು ಅಲ್ಲಿಗೂ ತಾಗುತ್ತದೆ. ಬಿಸಿಲ ದೇಶ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸರಿಯಲ್ಲ, ಯಾವ ಊರು, ಯಾವ ತಿಂಗಳು ಎಂದು ಕೇಳಬೇಕು ಎಂದು ನನ್ನ ಪುಟದಲ್ಲಿ ಮೊದಲ ಸಾಲು ಬರೆದೆ.

"ಬಸುರಿಗೆ ಮಾತ್ರ ಯಾಕೆ ತಾತ ಬಿಸಿಲು ಜಾಸ್ತಿ?" ಅಂದ ಹುಡುಗ. ಅಡುಗೆಮನೆಯ ಮೂಲೆಯ ಮಣ್ಣಿನ ಹೂಜಿ ತೋರಿಸಿದೆ. ಹೂಜಿಯ ಮೈ ಬೆವರುತ್ತದೆ. ಆ ಬೆವರನ್ನು ಗಾಳಿ ಒಣಗಿಸುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಬೆವರು ಒಣಗುವುದಿಲ್ಲ, ಹೂಜಿ ನೀರು ತಣ್ಣಗಾಗುವುದಿಲ್ಲ. ನಮ್ಮ ಮೈಯೂ ಹೂಜಿಯೇ. ಮಸ್ಕತ್ ಕಡಲ ಪಕ್ಕದ ಊರು, ಬೇಸಿಗೆಯಲ್ಲಿ ಗಾಳಿಯಲ್ಲಿ ತೇವ ಬಹಳ. ಮೈ ಬೆವರುತ್ತದೆ, ತಣಿಯುವುದಿಲ್ಲ. ಬಸುರಿಯ ಮೈಯಲ್ಲಿ ರಕ್ತವೇ ಸುಮಾರು ಅರ್ಧದಷ್ಟು ಹೆಚ್ಚಿರುತ್ತದೆ, ಹೃದಯ ಇಬ್ಬರಿಗಾಗಿ ದುಡಿಯುತ್ತಿರುತ್ತದೆ. ಅದರ ಮೇಲೆ ಮೈ ತಣಿಸುವ ಕೆಲಸ ಬೇರೆ. ನೀರು ಕಡಿಮೆಯಾದರೆ ತಾಯಿಗೆ ತಲೆಸುತ್ತು, ಒಮ್ಮೊಮ್ಮೆ ಅಕಾಲದ ನೋವು. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಹುಡುಗ ಹೂಜಿಯನ್ನು ಮುಟ್ಟಿ ನೋಡುತ್ತಿದ್ದ, ಗಮನಿಸಲಿಲ್ಲ.

ಹಾಸನದಲ್ಲಿ ಅವಳನ್ನು ನೋಡಿದ ಡಾಕ್ಟರಮ್ಮ ನಮ್ಮಷ್ಟು ಹೆದರಲಿಲ್ಲ. ಸ್ಕ್ಯಾನ್ ನೋಡಿ, ರಕ್ತದೊತ್ತಡ ನೋಡಿ, ತೊಡಕಿಲ್ಲದ ಬಸುರಿಗೆ ನಡುವಿನ ಮೂರು ತಿಂಗಳೇ ಪ್ರಯಾಣಕ್ಕೆ ಅನುಕೂಲ ಎಂದರು. ಬಹುತೇಕ ವಿಮಾನ ಸಂಸ್ಥೆಗಳು 28 ವಾರದವರೆಗೆ ಏನೂ ಕೇಳುವುದಿಲ್ಲ, ಆಮೇಲೆ ಡಾಕ್ಟರ ಚೀಟಿ ಬೇಕು, 36 ವಾರ ದಾಟಿದರೆ ಹತ್ತಿಸಿಕೊಳ್ಳುವುದೇ ಇಲ್ಲ. ಒಂದೊಂದರ ನಿಯಮ ಒಂದೊಂದು ಥರ, ಟಿಕೆಟ್ ಕೊಳ್ಳುವ ಮೊದಲೇ ಕೇಳಿ ಅಂದರು. ನನಗೆ ಬೇಕಾಗಿದ್ದ ಅಂಕಿ ಸಿಕ್ಕಿತು. ಕೊನೆಯ ಮುಟ್ಟಿನ ಮೊದಲ ದಿನ 2024ರ ಅಕ್ಟೋಬರ್ 15. ಅದಕ್ಕೆ 280 ದಿನ ಕೂಡಿಸಿದರೆ ಜುಲೈ 22, ಹೆರಿಗೆಯ ದಿನ. ಬ್ಯಾಂಕಿನ ಠೇವಣಿಯ ಹಾಗಲ್ಲ, ಈ ವಾಯಿದೆ ಎರಡು ವಾರ ಹಿಂದೆ ಮುಂದೆ ಆಗುತ್ತದೆ ಎಂದು ಡಾಕ್ಟರಮ್ಮ ನಕ್ಕರು. 28 ವಾರ ತುಂಬುವುದು ಏಪ್ರಿಲ್ 29ಕ್ಕೆ. ಅಲ್ಲೇ ಹೆರಿಗೆ ಎಂದರೆ ಮೇ, ಜೂನ್, ಜುಲೈ ಮೂರೂ ತಿಂಗಳು ಆ ಸೆಕೆಯಲ್ಲಿ, ತುಂಬು ಹೊಟ್ಟೆ ಹೊತ್ತು. ನಡುವೆ ಮನಸ್ಸು ಬದಲಾದರೂ 36 ವಾರವಾದ ಮೇಲೆ ಹಿಂದಕ್ಕೆ ಬರುವ ಬಾಗಿಲು ಮುಚ್ಚಿರುತ್ತದೆ.

ವಿಮೆಯ ಕಾಗದವನ್ನೂ ಓದಿದೆ. ಸಣ್ಣ ಅಕ್ಷರ ಓದುವುದು ನನ್ನ ಹಳೆಯ ಚಟ. ಪ್ರವಾಸದ ವಿಮೆಗಳಲ್ಲಿ ಸಾಮಾನ್ಯವಾಗಿ ಹೆರಿಗೆಯ ಖರ್ಚು ಸೇರುವುದಿಲ್ಲ. ಅವಳದರಲ್ಲೂ ಸೇರಿರಲಿಲ್ಲ. ಸೊಳ್ಳೆಯ ಮಾತೂ ಬಂತು. 2016ರಲ್ಲಿ ಝೀಕಾ ಸೋಂಕಿನ ಕಾರಣ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಸಾರಿದಾಗ, ಸೋಂಕು ಹರಡಿದ್ದ ಬಿಸಿ ದೇಶಗಳಿಗೆ ಹೋಗಬೇಡಿ ಎಂದು ಗರ್ಭಿಣಿಯರಿಗೆ ಹೇಳಿದ್ದರು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಂಡದ್ದು 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಯಲ್ಲಿ. ಸೊಳ್ಳೆಗೆ ಹೆದರಿ ಎಲ್ಲೂ ಹೋಗದೆ ಕೂತರೂ ನಮ್ಮ ಮನೆಯ ಹಿಂದಿನ ತೊಟ್ಟಿಯ ನೀರು ಚೆಲ್ಲಬೇಕಾದದ್ದು ನಾವೇ ತಾನೆ?

ರಾತ್ರಿ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ನನ್ನ ಪುಟ ಓದಿದೆ. ಖರ್ಚಿನ ಕಡೆ ಹದಿನಾಲ್ಕು ಸಾಲು, ಜಮೆಯ ಕಡೆ ಮೂರು. ಆದ್ದರಿಂದ ಹೋಗುವುದು ಬೇಡ ಎಂದು ತೀರ್ಮಾನ ಹೇಳಿ ಕನ್ನಡಕ ತೆಗೆದೆ.

ನಮ್ಮಾಕೆ ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಅವಳನ್ನ ಕೇಳಿದ್ರಾ?" ಅಂದಳು.

ನಾನು ಸುಮ್ಮನಾದೆ.

"ಆಗ ನನ್ನನ್ನೂ ಯಾರೂ ಕೇಳಲಿಲ್ಲ. ನೀವು ಹೊರಡು ಅಂದ್ರಿ, ನಮ್ಮಪ್ಪ ಕಳಿಸಿಕೊಟ್ಟರು. ಕೇಳಿದ್ದಿದ್ರೆ, ಮಳೆ ಹಿಡಿದ ಮೇಲೆ ಬರ್ತೀನಿ ಅಂತಿದ್ದೆ. ಬರಲ್ಲ ಅಂತಿರಲಿಲ್ಲ."

47 ವರ್ಷದಲ್ಲಿ ಮೊದಲ ಸಲ. ಹೊಸೆಯುವ ಕೈ ನಿಲ್ಲಲೇ ಇಲ್ಲ. ನನ್ನ ಮಗಳು ಎದ್ದು ಹೋಗಿ ಅಮ್ಮನ ಪಕ್ಕ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗಳು ನನ್ನ ಪುಟವನ್ನು ತೆಗೆದುಕೊಂಡು ನೋಡಿದಳು. ಅವಳಿಗೆ ಹೆರಿಗೆ ಅಲ್ಲಿ ಬೇಡವಾಗಿತ್ತಂತೆ, ಬಾಣಂತನಕ್ಕೆ ಅಜ್ಜಿ, ಅಮ್ಮ ಬೇಕು. ಆದರೆ ಗಂಡನಿಲ್ಲದೆ ಜುಲೈವರೆಗೆ ಇರುವುದೂ ಕಷ್ಟವಾಗಿತ್ತು. ಮಗು ಒದೆಯುವುದನ್ನು ಅವನ ಕೈಗೆ ಒಂದು ಸಲವಾದರೂ ತಿಳಿಸಬೇಕು, ಫೋನಿನಲ್ಲಿ ಅದು ಆಗಲ್ಲ ತಾತ ಅಂದಳು. ಈ ಸಾಲು ನನ್ನ ಜಮೆಯ ಕಡೆ ಇರಲೇ ಇಲ್ಲ. ಪೆನ್ನು ತೆಗೆದುಕೊಂಡು ಅವಳೇ ಬರೆದಳು: ಮಾರ್ಚ್ 8ಕ್ಕೆ ಹೋಗುವುದು, ಏಪ್ರಿಲ್ 20ಕ್ಕೆ ಬಂದುಬಿಡುವುದು. ಮಾರ್ಚಿನಲ್ಲಿ ಮಸ್ಕತ್ತಿನ ಹಗಲು 30 ಡಿಗ್ರಿಯ ಆಸುಪಾಸು. ಏಪ್ರಿಲ್ ಕೊನೆಗೆ ಅದು 40ರ ಕಡೆ ಹೊರಡುವ ಹೊತ್ತಿಗೆ ಇವಳು ಊರಿನಲ್ಲಿರುತ್ತಾಳೆ. ದಿನ ಎಣಿಸಿದೆ. ಹೋಗುವಾಗ 20 ವಾರ 4 ದಿನ, ಬರುವಾಗ 26 ವಾರ 5 ದಿನ. ಎಣಿಕೆ ಸರಿಯಿತ್ತು.

ಡಾಕ್ಟರಮ್ಮ ಒಪ್ಪಿ, ಎಲ್ಲ ವರದಿಗಳ ಪ್ರತಿ ಜೊತೆಗಿರಲಿ ಎಂದರು. ವಿಮಾನದಲ್ಲಿ ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟಬೇಕು, ಗಂಟೆಗೊಮ್ಮೆ ಎದ್ದು ನಡೆದಾಡಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ತಲೆನೋವು ಬಿಡದಿದ್ದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ. ಅಳಿಯಂದಿರು ಮನೆಯಿಂದ ಆಸ್ಪತ್ರೆಗೆ ಎಷ್ಟು ನಿಮಿಷ ಎಂದು ಕಾರಿನಲ್ಲಿ ಹೋಗಿ ಅಳೆದು ಹೇಳಿದರು: ಒಂಬತ್ತು.

ಆ ಆರು ವಾರ ನಾವು ಮಸ್ಕತ್ತನ್ನು ಫೋನಿನಲ್ಲೇ ನೋಡಿದೆವು. ಬೆಳಗ್ಗೆ ಆರಕ್ಕೆ ಮತ್ರಾಹ್‌ನ ಕಡಲ ದಂಡೆಯಲ್ಲಿ ಅವಳ ನಡಿಗೆ. ಒಂದು ಕಡೆ ಬೋಳು ಕಲ್ಲುಬೆಟ್ಟ, ಇನ್ನೊಂದು ಕಡೆ ನೀಲಿ ನೀರು, ನಡುವೆ ಬಿಳಿ ಮನೆಗಳ ಸಾಲು. ಒಂದು ಸೋಮವಾರ ಹಳೆಯ ಮಸ್ಕತ್ತಿನ ಶಿವನ ಗುಡಿಗೆ ಹೋಗಿದ್ದಳು. ಅಲ್ಲಿ ಬೇಸಿಗೆಯ ಮೂರು ತಿಂಗಳು, ಜೂನ್‌ನಿಂದ ಆಗಸ್ಟ್‌ವರೆಗೆ, ಮಧ್ಯಾಹ್ನ 12.30ರಿಂದ 3.30ರವರೆಗೆ ಕೂಲಿಯವರನ್ನು ಬಯಲಿನಲ್ಲಿ ದುಡಿಸಬಾರದೆಂದು ಕಾನೂನೇ ಇದೆಯಂತೆ. ಅದನ್ನು ಕೇಳಿ ನನಗೆ ರಾಯಚೂರಿನ ಅಜ್ಜಿ ನೆನಪಾದರು. ಏಪ್ರಿಲ್ ಎರಡನೆಯ ವಾರ, "ತಾತ, ಈಗ ಒಂಬತ್ತಕ್ಕೇ ಕಿಟಕಿ ಪರದೆ ಎಳೀತಿದ್ದೀವಿ" ಅಂದಳು. ನಾನು ಕ್ಯಾಲೆಂಡರ್ ನೋಡಿದೆ.

ಏಪ್ರಿಲ್ 20, ಭಾನುವಾರ ಬಂದಿಳಿದಳು. ಮರುವಾರ ಕೊಣನೂರಿಗೆ ಬಂದಾಗ ಸಂಜೆ ಮತ್ತೆ ಹೊಳೆಯ ಕಡೆ ಹೋದೆವು. ಬೇಸಿಗೆಯ ಕಾವೇರಿ, ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಸೇತುವೆಯ ಬಾಯಲ್ಲಿ ಮೊಮ್ಮಗಳು ನಿಂತು ಅಜ್ಜಿಯ ಕಡೆ ತಿರುಗಿದಳು. ಈ ಸಲ ಕೇಳುವ ಸರದಿ ಅವಳದು.

ನಮ್ಮಾಕೆ ಸೆರಗು ಸಿಕ್ಕಿಸಿಕೊಂಡು, "ಚಪ್ಪಲಿ ಬಿಡು, ಜಾರತ್ತೆ. ನಡಿ, ನಾನೂ ಬರ್ತೀನಿ. ಅರ್ಧದವರೆಗೆ ಮಾತ್ರ" ಅಂದಳು.

ಇಬ್ಬರೂ ಒಂದೊಂದು ಕಡೆಯ ಹಗ್ಗ ಹಿಡಿದು ಹೊರಟರು. ಎದುರಿನಿಂದ ಬರುತ್ತಿದ್ದ ಸ್ಕೂಲು ಹುಡುಗರು ಕುಣಿಯುವುದನ್ನು ನಿಲ್ಲಿಸಿ ದಾರಿ ಬಿಟ್ಟರು. ನಾನು ಎರಡು ಜೊತೆ ಚಪ್ಪಲಿ ಕಾಯುತ್ತ ಈಚೆ ದಡದಲ್ಲಿ ನಿಂತೆ.