ಒಗ್ಗರಣೆಗೆ ಮುಂಚಿನ ಪಾಲು

ಗುಂಡ್ಲುಪೇಟೆ
ಜುಲೈ 7, 2024, ಭಾನುವಾರ

ತೆರಕಣಾಂಬಿ ಹತ್ತಿರದ ಅಣ್ಣನ ತೋಟದಿಂದ ನಾಯಿಮರಿ ತಂದೆವು. ನಾಟಿ ಹೆಣ್ಣುಮರಿ, ಏಳು ವಾರದ್ದು, ಕೆಂಚು ಮೈ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು. ಮಗಳು ಮರಿಗೆ ‘ಚೆಂಡು’ ಅಂತಲೇ ಹೆಸರಿಟ್ಟಳು. ಅತ್ತೆ ಬಟ್ಟಲಲ್ಲಿ ಹಸುವಿನ ಹಾಲಿಟ್ಟರು. ಲೊಚಲೊಚ ನೆಕ್ಕಿ ಖಾಲಿ ಮಾಡಿತು. ಆ ಆಸೆ ನೋಡಿ ರಾತ್ರಿ ಇನ್ನೊಂದು ಬಟ್ಟಲು ಕೊಟ್ಟವಳು ನಾನು.

ಜುಲೈ 9, ಮಂಗಳವಾರ

ನಿನ್ನೆಯಿಂದ ಭೇದಿ. ಟವೆಲ್ಲಿನಲ್ಲಿ ಸುತ್ತಿಕೊಂಡು ಚಾಮರಾಜನಗರಕ್ಕೆ ಹೋದೆವು. ತೂಕ 2 ಕೆಜಿ 300 ಗ್ರಾಂ. ಡಾಕ್ಟರಮ್ಮ ಒಸಡು ನೋಡಿದರು, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರು. ಅದು ತಟ್ಟನೆ ಕೂತಿತು. ‘ಮೈಯಲ್ಲಿ ನೀರು ಬತ್ತಿಲ್ಲ, ಹೆದರಬೇಡಿ’ ಅಂದಾಗ ಉಸಿರು ಬಂತು.

ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ನಾಯಿಹಾಲಿಗಿಂತ ಹೆಚ್ಚಂತೆ. ತಾಯಿ ಮೊಲೆ ಬಿಟ್ಟ ಮರಿಗೆ ಅದನ್ನು ಅರಗಿಸುವ ಶಕ್ತಿ ಕುಗ್ಗುತ್ತಾ ಬರುತ್ತದೆ. ಸದ್ಯಕ್ಕೆ ಮೆತ್ತಗೆ ಬೆಂದ ಅನ್ನ, ಉಪ್ಪುಖಾರವಿಲ್ಲದ ಕೋಳಿ. ಮೂಳೆ ಬೇಡ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಜಂತುಹುಳದ ಔಷಧಿ ಕೊಟ್ಟರು. ಪಾರ್ವೊ ರೋಗದ ಭಯ, ಲಸಿಕೆಗಳು ಮುಗಿಯುವ ತನಕ ಬೀದಿಗೆ ಬಿಡಬಾರದು.

ಜುಲೈ 11, ಗುರುವಾರ

ಭೇದಿ ನಿಂತಿದೆ. ಮರಿಗಳ ಒಣ ಆಹಾರ ತಂದೆವು. ಅಂಗಡಿಯಲ್ಲಿ ಗೋಣಿ ಬಿಚ್ಚಿ ಕೆಜಿ ಲೆಕ್ಕದಲ್ಲಿ ಮಾರುವುದು ಅಗ್ಗ, ಆದರೆ ತಯಾರಾದ ದಿನ ಕಾಣುವುದಿಲ್ಲ. ಸೀಲ್ ಇದ್ದ ಚಿಕ್ಕ ಚೀಲವನ್ನೇ ತೆಗೆದುಕೊಂಡೆ. ಬೆಳೆಯುವ ಮರಿಗೆ ಪೂರ್ಣ ಆಹಾರ ಎಂದು ಬರೆದಿರಬೇಕು, ಪ್ರೊಟೀನ್ ಶೇ. 22ಕ್ಕಿಂತ ಮೇಲಿರಬೇಕು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು.

ಅತ್ತೆಗೆ ಬೇಸರ. “ಮುದ್ದೆ ತಿಂದೇ ನಮ್ ನಾಯಿ ಕರಿಯ ಹನ್ನೆರಡು ವರ್ಸ ಬಾಳ್ಲಿಲ್ವಾ?” ಎದುರಾಡಲು ಮನಸ್ಸಾಗಲಿಲ್ಲ. ರಾಗಿಯಲ್ಲಿ ಸುಣ್ಣದಂಶ ಧಾರಾಳ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ; ಪ್ರೊಟೀನ್ ಮಾತ್ರ 7 ಗ್ರಾಂ ಆಸುಪಾಸು. ರಾತ್ರಿ ಅವರೇ ಯೋಚಿಸಿ ಹೇಳಿದರು: “ಕರಿಯ ಬರೀ ಮುದ್ದೆ ತಿಂದಿರ್ಲಿಲ್ಲ ಕನವ್ವ. ಹೊಲದಲ್ಲಿ ಇಲಿ ಹಿಡೀತಿತ್ತು. ಊರಲ್ಲಿ ಎಲ್ಲಿ ಬಾಡು ಬೇಯ್ಸಿದ್ರೂ ಅಲ್ಲಿರ್ತಿತ್ತು.”

ಹೌದಲ್ಲ! ಕರಿಯ ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡಿತ್ತು. ಚೆಂಡು ಗೇಟಿನೊಳಗಿನ ಮರಿ. ನಾವು ಬಟ್ಟಲಿಗೆ ಹಾಕದೇ ಇದ್ದದ್ದು ಅದಕ್ಕೆ ಎಲ್ಲೂ ಸಿಗುವುದಿಲ್ಲ.

ಜುಲೈ 14, ಭಾನುವಾರ

ಆಹಾರವನ್ನು ಒಂದೇ ಸಲ ಬದಲಿಸಿದರೆ ಹೊಟ್ಟೆ ಮತ್ತೆ ಕೆಡುತ್ತದೆ. ಮೊದಲೆರಡು ದಿನ ಮೂರು ಪಾಲು ಅನ್ನ-ಕೋಳಿ, ಒಂದು ಪಾಲು ಬಿಸಿನೀರಲ್ಲಿ ನೆನೆಸಿದ ಹೊಸ ಆಹಾರ. ಇಂದಿನಿಂದ ಸಮಪಾಲು.

ಮಧ್ಯಾಹ್ನ ಮಗಳು ಸಾರು ಕಲೆಸಿದ ಅನ್ನವನ್ನು ಬಟ್ಟಲಿಗೆ ಹಾಕುವಷ್ಟರಲ್ಲಿ ಕೈ ಹಿಡಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಸಾಂಬಾರ್ ಈರುಳ್ಳಿ ಬೆಳೆಯುವ ಸೀಮೆ ನಮ್ಮದು, ಅದಿಲ್ಲದ ಸಾರು ಯಾವ ಮನೆಯಲ್ಲಿದೆ? ಉಂಡು ಉಳಿದದ್ದು ನಾಯಿಗೆ ಎಂಬ ರೂಢಿಯನ್ನೇ ತಿರುಗಿಸಬೇಕು. ಅದರ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಬೇಕು.

ಜುಲೈ 23, ಮಂಗಳವಾರ

ತೂಕ 3 ಕೆಜಿ 100 ಗ್ರಾಂ. ದಿನಕ್ಕೆ ನಾಲ್ಕು ಹೊತ್ತು ಊಟ. ಮೂರು ತಿಂಗಳಾದ ಮೇಲೆ ಮೂರು ಹೊತ್ತು. ಕಕ್ಕ ಗಟ್ಟಿಯಾಗಿದೆ. ಪಕ್ಕೆಲುಬು ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗಿದ್ದರೆ ಸರಿ ಎಂದರು ಡಾಕ್ಟರಮ್ಮ.

ಸಂಜೆ ಅಡುಗೆಮನೆಗೆ ಹೋದೆ. ಅತ್ತೆ ಈರುಳ್ಳಿ ಹೆಚ್ಚಿಟ್ಟುಕೊಂಡು ಬಾಣಲೆ ಕಾಯಿಸುತ್ತಿದ್ದರು. ಒಲೆಯ ಪಕ್ಕ ಪುಟ್ಟ ಸ್ಟೀಲ್ ಬಟ್ಟಲಲ್ಲಿ ಬೆಂದ ಮೊಟ್ಟೆಯ ಅರ್ಧ, ಒಂದು ಚಮಚ ಉಪ್ಪಿಲ್ಲದ ರಾಗಿ ಅಂಬಲಿ, ಮೇಲೆ ತಟ್ಟೆ ಮುಚ್ಚಿತ್ತು. ಅವರ ಕಾಲ ಬಳಿ ಚೆಂಡು ಕಾದು ಕೂತಿತ್ತು.