ಸಂಗಮವಿಲ್ಲದ ಸಂಗಮೇಶ್ವರ

ಕಾಶಿಗೆ ವಾರಾಣಸಿ ಎಂಬ ಹೆಸರು ವರುಣಾ, ಅಸಿ ಎಂಬ ಎರಡು ನದಿಗಳಿಂದ ಬಂದಿತೆಂದು ಹೇಳುವುದು ವಾಡಿಕೆ. ಉತ್ತರದ ವರುಣೆ ಸುಲಭವಾಗಿ ಸಿಕ್ಕುತ್ತಾಳೆ. ದಕ್ಷಿಣದ ಅಸಿಯನ್ನು, ಅಂದರೆ ಜನರ ಬಾಯಿನ ಅಸ್ಸಿಯನ್ನು, ಹುಡುಕಬೇಕು.

ನಾವು ಕರ್ನಾಟಕ ಘಾಟಿನಿಂದ ಮೆಟ್ಟಿಲುಗಳ ಮೇಲೆಯೇ ದಕ್ಷಿಣಕ್ಕೆ ನಡೆದು, ತುಲಸಿದಾಸರು ವಾಸಿಸಿದ್ದ ತುಲಸಿ ಘಾಟನ್ನು ದಾಟಿ ಅಸ್ಸಿ ಘಾಟಿಗೆ ಬಂದೆವು. ಗಂಗೆಯಿದ್ದಳು, ಸಂಗಮೇಶ್ವರನ ಗುಡಿಯಿತ್ತು, ಸಂಗಮ ಮಾತ್ರ ಇರಲಿಲ್ಲ! ಅಸ್ಸಿಯನ್ನು 1980ರ ದಶಕದಲ್ಲಿ ನಗವಾದ ಕಡೆಗೆ ತಿರುಗಿಸಿದರಂತೆ. ಅಲ್ಲಿಗೂ ಹೋದೆವು. ನದಿಯೆಂಬುದು ಊರಿನ ಕೊಳಚೆ ಹೊರುವ ಕಾಲುವೆಯಾಗಿತ್ತು. ಕಾಶಿಯಲ್ಲಿ ಗಂಗೆ ಉತ್ತರಾಭಿಮುಖಿ. ಹೀಗಾಗಿ ನಗವಾದಲ್ಲಿ ಸೇರಿದ್ದು ಘಾಟುಗಳ ಮುಂದೆಯೇ ಹರಿದುಬರಬೇಕು.

ಮೂಗು ಮುಚ್ಚಿ ನಿಂತಿದ್ದ ನಮ್ಮನ್ನು ಕಂಡು, ಷಿಲ್ಲಾಂಗಿನಿಂದ ಬಂದಿದ್ದ ಕನ್ನಡಿಗರೊಬ್ಬರು ನಕ್ಕರು. "ಇದು ಮೂಗಿಗಾದರೂ ಹೇಳುತ್ತದೆ, ಸ್ವಾಮಿ. ನಮ್ಮ ಜೈಂತಿಯಾ ಬೆಟ್ಟದ ಹಳ್ಳಗಳದು ಕಳ್ಳ ವಿಷ" ಎಂದರು.

ಅವರ ವಿವರಣೆ ಹೀಗೆ: ಅಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಗಣಿ ತೋಡಿದಾಗ ಕಬ್ಬಿಣ-ಗಂಧಕ ಕೂಡಿದ ಖನಿಜಕ್ಕೆ ಗಾಳಿ, ನೀರು ತಗುಲಿ ಗಂಧಕಾಮ್ಲ ಹುಟ್ಟುತ್ತದೆ. ಆ ಹುಳಿನೀರು ಲೋಹಗಳನ್ನು ಕರಗಿಸಿಕೊಂಡು ಹಳ್ಳಕ್ಕಿಳಿಯುತ್ತದೆ. ಕೆಲವೆಡೆ ಕಲ್ಲಿಗೆ ಕಾವಿಬಣ್ಣ ಹತ್ತುತ್ತದೆ. ಕೆಲವೆಡೆ ನೀರು ತಿಳಿಯಾಗಿಯೇ ಇರುತ್ತದೆ, ಮೀನು ಮಾತ್ರ ಇರುವುದಿಲ್ಲ. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮೇಘಾಲಯದ ಇಲಿಬಿಲದಂಥ ಗಣಿಗಳನ್ನು ನಿಷೇಧಿಸಿತು. ಆದರೆ ಬಿಟ್ಟುಹೋದ ಗಣಿಯೂ ಹುಳಿ ಸುರಿಸುತ್ತಲೇ ಇರುತ್ತದೆ. ಸುಣ್ಣಕಲ್ಲಿನಿಂದ ಹುಳಿ ಮುರಿಯಬಹುದಾದರೂ ವರ್ಷಗಟ್ಟಲೆ ಹಾಕುತ್ತಲೇ ಇರಬೇಕು.

ಅಸ್ಸಿಯ ರೋಗ ಅಷ್ಟು ಹಟಮಾರಿಯಲ್ಲ. ಕೊಳಚೆಯನ್ನು ಹುಟ್ಟಿದಲ್ಲೇ ತಡೆದು ಶುದ್ಧಿಮಾಡಿದರೆ ಹರಿವ ನೀರು ಚೇತರಿಸಿಕೊಳ್ಳುತ್ತದೆ. ಸಂಕಟಮೋಚನ ಮಂದಿರದ ಮಹಂತರೂ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರರು ಇದನ್ನೇ ಸಾರಿದರು. 1982ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ತುಲಸಿ ಘಾಟಿನಲ್ಲಿ ಗಂಗೆಯ ನೀರನ್ನು ಪರೀಕ್ಷಿಸುವ ಪ್ರಯೋಗಶಾಲೆ ನಡೆಸಿದರು. ಅವರು 2013ರಲ್ಲಿ ತೀರಿಕೊಂಡರು. ನಿತ್ಯವೂ ಗಂಗಾಸ್ನಾನ ಮಾಡುತ್ತಿದ್ದ ಭಕ್ತರೇ ನೀರನ್ನು ಅಳೆದು ನೋಡಿದರು ಎಂಬುದು ನಮಗೆ ಬಹಳ ಹಿಡಿಸಿತು. ತಾಯಿಗೆ ಜ್ವರ ಬಂದರೆ ಮಕ್ಕಳು ನಾಡಿ ನೋಡಬಾರದೇ?

ಮನೆಯಲ್ಲಿ ಹಾಸಿಗೆ ಹಿಡಿದಿರುವ ನಮ್ಮ ಅಜ್ಜಿ ಗಂಗಾಜಲ ಬೇಡಿದ್ದರು. ತಾಮ್ರದ ಗಿಂಡಿಯಲ್ಲಿ ತುಂಬಿ ತಂದೆವು. ಕಣ್ಣಿಗೆ ಸ್ಫಟಿಕದಂತಿತ್ತು. ಆದರೂ ಮನೆಯವರೆಲ್ಲ ಕೂಡಿ ನಿಶ್ಚಯಿಸಿದೆವು: ದೇವರ ಮುಂದಿಡುವುದು, ಅಜ್ಜಿಯ ತಲೆಗೆ ಪ್ರೋಕ್ಷಿಸುವುದು, ಬಾಯಿಗೆ ಕಾಯಿಸಿ ಆರಿಸಿದ ಮನೆಯ ನೀರು. ಯಾತ್ರೆಗೆ ಹೊರಟಿರುವ ಬಂಧುಗಳು ಇದನ್ನು ಯೋಚಿಸಿ ನೋಡಬೇಕೆಂದು ನಮ್ಮ ವಿನಂತಿ.