ಕುಂದೂರಿನ ಮನೆಗೆ ಬಂದ ಮುದಿನಾಯಿ

ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಹೋಬಳಿ ಊರಾದ ಕುಂದೂರಿನ ಸುತ್ತ ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿ, ಮರಗಳನ್ನು ತಬ್ಬಿದ ಮೆಣಸಿನ ಬಳ್ಳಿ. ತೋಟದ ಮನೆಗಳು ಒಂದಕ್ಕೊಂದು ದೂರ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಇಂಥ ಮನೆಗಳಲ್ಲಿ ಉಳಿಯುವವರು ವೃದ್ಧ ದಂಪತಿಗಳು. ಅಂಥದೊಂದು ಮನೆಯ ಜಗಲಿಯ ಮೇಲೆ ಮೂತಿ ನರೆತ ನಾಯಿಯೊಂದನ್ನು ಕಂಡೆ. ಬೆಂಗಳೂರಿನ ಪ್ರಾಣಿ ಆಶ್ರಯಧಾಮದಿಂದ ಮಗನು ತಂದುಕೊಟ್ಟದ್ದಂತೆ. ವಯಸ್ಸು ಹತ್ತರ ಮೇಲೆ.

“ಮರಿ ತಂದರೆ ಅದರ ಹಿಂದೆ ಓಡುವವರು ಯಾರು ಶಾಸ್ತ್ರಿಗಳೇ? ಇದೂ ನಮ್ಮ ಹಾಗೆಯೇ, ಕೂತಲ್ಲಿ ಕೂತಿರುತ್ತದೆ” ಎಂದರು ಯಜಮಾನರು.

ಮಾತು ತೂಕದ್ದೇ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ಯೂಪಾದಂಥ ಸಂಸ್ಥೆಗಳು ಗಾಯಗೊಂಡ, ಒಡೆಯರು ತೊರೆದ ಪ್ರಾಣಿಗಳನ್ನು ಸಲಹಿ ದತ್ತು ಕೊಡುತ್ತವೆ. ಬಂದವರ ಕಣ್ಣು ಮರಿಗಳತ್ತಲೇ ಹೋಗುವುದು, ಮುದಿಯವು ಉಳಿಯುವುವು. ದೊಡ್ಡ ಜಾತಿಯ ನಾಯಿಗಂತೂ ಏಳು ವರ್ಷಕ್ಕೇ ಮುಪ್ಪು. ಆದರೆ ಬೆಳೆದ ನಾಯಿಯ ಗುಣವು ಸಾಕಿದವರಿಗೆ ತಿಳಿದಿರುತ್ತದೆ. ಮರಿಯ ವಿಷಯದಲ್ಲಿ ಅದು ಬರಿಯ ಊಹೆ.

ಹಾಗೆಂದು ಪೇಟೆಯ ಮುದಿನಾಯಿಗೆ ಈ ಬೆಟ್ಟಸೀಮೆ ಸುಲಭದ ಠಾವಲ್ಲ. ಚಿರತೆಯು ಜಗಲಿಯಿಂದಲೇ ನಾಯಿಯನ್ನು ಹೊತ್ತೊಯ್ಯಬಲ್ಲದು. ಕಿವಿ ಮಂದವಾಗಿ, ಸರಪಳಿಗೆ ಬಿಗಿಯಲ್ಪಟ್ಟಿದ್ದರೆ ಕೇಳುವುದೇ ಬೇಡ. ತೋಟಕ್ಕೆ ಕರೆದೊಯ್ಯುವುದೂ ತರವಲ್ಲ. ಕಾಡಾನೆಗೆ ಬೊಗಳಿದ ನಾಯಿ, ಆನೆ ಅಟ್ಟಿದೊಡನೆ ಒಡೆಯನ ಕಾಲ ಬಳಿಗೇ ಓಡಿಬರುತ್ತದೆ. ಮಳೆಗಾಲದಲ್ಲಿ ಇಂಬಳ, ಉಣ್ಣೆಗಳ ಕಾಟ ಬೇರೆ, ಥಂಡಿಗೆ ಕೀಲುನೋವು. ಒಣಗಿದ ಹಾಸಿಗೆ ಬೇಕು, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ತಪ್ಪಬಾರದು.

ರಾತ್ರಿ ಒಳಗೆ ಮಲಗಿಸಬೇಕೆಂದಾಗಲೇ ನಮ್ಮ ಮನೆಗಳಲ್ಲಿ ತಕರಾರು ಏಳುವುದು. ಲಿಂಗಪೂಜೆ ನಡೆಯುವ ಮನೆಯೊಳಗೆ ನಾಯಿಯೇ ಎಂದು ಆ ತಾಯಿಯವರು ಒಂದು ತಿಂಗಳು ಒಪ್ಪಿರಲಿಲ್ಲವಂತೆ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವವರೂ ನಾವೇ ಅಲ್ಲವೆ! ಕೊನೆಗೆ ಪಡಸಾಲೆಯ ಒಂದು ಮೂಲೆ ನಿಶ್ಚಯವಾಯಿತು.

ಹಲ್ಲು ಸವೆದ ಪ್ರಾಣಿಗೆ ಮೆತ್ತಗೆ ಬೆಂದ ಆಹಾರವೇ ಹಿತ. ಉಳಿದ ಹುಳಿಯನ್ನು ಅನ್ನಕ್ಕೆ ಕಲಸಿ ಹಾಕುವ ರೂಢಿ ಬಿಡಬೇಕು. ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಸಸ್ಯಾಹಾರದ ಮನೆಯವರು ಪಶುವೈದ್ಯರನ್ನು ವಿಚಾರಿಸಿಯೇ ಊಟವನ್ನು ಗೊತ್ತುಮಾಡುವುದು ಲೇಸು. ಹಿರಿಯರು ಆಸ್ಪತ್ರೆ ಸೇರಿದರೆ ಅನ್ನವಿಡುವವರು ಯಾರೆಂಬುದನ್ನೂ ಪಕ್ಕದ ತೋಟದವರೊಡನೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಬೆಂಗಳೂರಿನ ಮಗ ಬಂದು ಮುಟ್ಟುವುದಕ್ಕೆ ಅರ್ಧ ದಿನವಾದರೂ ಹಿಡಿಯುತ್ತದೆ.